ಹರಳು ಒಪ್ಪಿಸುವ ಲೆಕ್ಕ

ಹಾಸನದ ಬಳಿಯ ಶೆಟ್ಟಿಹಳ್ಳಿಯೆಂದೊಡನೆ ನೆನಪಾಗುವುದು ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಪಾಳು ಇಗರ್ಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡವದು. ಅಂತಹ ಹಳೆಯ ಗೋಡೆಯ ಇಟ್ಟಿಗೆಯಿಂದ ಮರಳಿನ ಕಣಗಳನ್ನು ಕತ್ತಲೆಯಲ್ಲಿ ತೆಗೆದು ಕಾಯಿಸಿದರೆ, ಬರಿಗಣ್ಣಿಗೆ ಕಾಣದಷ್ಟು ಕ್ಷೀಣವಾದ ಬೆಳಕೊಂದು ಹೊಮ್ಮುತ್ತದೆ. ಗೂಡಿನಲ್ಲಿ ಬೆಂದಂದಿನಿಂದ ನಿಸರ್ಗದ ವಿಕಿರಣವನ್ನು ಆ ಕಣಗಳು ಕೂಡಿಡುತ್ತ ಬಂದಿರುತ್ತವೆ. ಇಟ್ಟಿಗೆ ಮಡಕೆಗಳ ವಯಸ್ಸನ್ನು ವಿಜ್ಞಾನಿಗಳು ಎಣಿಸುವ ಬಗೆಗಳಲ್ಲಿ ಇದೂ ಒಂದು. ಇದೇ ಗುಣವು ಕ್ಯಾನ್ಸರ್ ಚಿಕಿತ್ಸೆಗೂ ಒದಗಿಬಂದಿದೆ.

ವಿಕಿರಣ ಚಿಕಿತ್ಸೆ ಕತ್ತಿಯ ಅಲಗಿನ ಮೇಲಣ ನಡಿಗೆ. ಕಿರಣ ಕಡಿಮೆಯಾದರೆ ಗೆಡ್ಡೆ ಉಳಿಯುತ್ತದೆ. ಹೆಚ್ಚಾದರೆ ಪಕ್ಕದ ಆರೋಗ್ಯಯುತ ಅಂಗ ಬೇಯುತ್ತದೆ. ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಕಡೆಗೆ ಬಂದ ರೋಗಿಗೆ ಕಿರಣವು ಕಾಣುವುದೂ ಇಲ್ಲ, ತಾಗಿದ ಅರಿವೂ ಇಲ್ಲ. ಸ್ತನದ ಕ್ಯಾನ್ಸರಿಗೆ ದಿನಕ್ಕೆ 2 ಗ್ರೇಯಂತೆ 25 ಸಲ, ಒಟ್ಟು 50 ಗ್ರೇ ಕೊಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಅದರಲ್ಲಿ ಶೇಕಡ 5ಕ್ಕಿಂತ ಹೆಚ್ಚು ಏರುಪೇರು ಸಲ್ಲದು. ಯಂತ್ರವು ಹೇಳಿದಷ್ಟನ್ನೇ ಕೊಟ್ಟಿತೆಂಬುದಕ್ಕೆ ಸಾಕ್ಷಿ ಯಾರು?

ಸಾಕ್ಷಿ, ಲಿಥಿಯಂ ಫ್ಲೋರೈಡ್ ಎಂಬ ಲವಣದ ಪುಟ್ಟ ಬಿಲ್ಲೆ. ಅಗಲ ಸುಮಾರು 3 ಮಿಲಿಮೀಟರು, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಇದೇ ಉಷ್ಣದೀಪ್ತಿ ಮಾಪಕ. ಆಸ್ಪತ್ರೆಯವರ ಮಾತಿನಲ್ಲಿ ಟಿ.ಎಲ್.ಡಿ. ಇದಕ್ಕೆ ತಂತಿಯೂ ಬೇಡ, ವಿದ್ಯುತ್ತೂ ಬೇಡ. ಮುಖಕ್ಕೆ ಚಿಕಿತ್ಸೆ ನಡೆಯುವಾಗ ರೆಪ್ಪೆಯ ಬಳಿ ಅಂಟಿಸಿದರೆ ಕಣ್ಣಿಗೆ ತಾಗಿದ ಕಿರಣವೆಷ್ಟೆಂದು ತಿಳಿಯುತ್ತದೆ. ಕಿರಣ ಬಿದ್ದೊಡನೆ ಹರಳಿನ ಎಲೆಕ್ಟ್ರಾನುಗಳು ನೆಲೆ ತಪ್ಪಿ, ಅದರಲ್ಲಿ ಬೇಕೆಂದೇ ಬೆರೆಸಿದ ಅನ್ಯಧಾತುಗಳಿಂದಾದ ಕುಳಿಗಳಲ್ಲಿ ಸೆರೆಸಿಕ್ಕುತ್ತವೆ. ಆಮೇಲೆ ಬಿಲ್ಲೆಯನ್ನು 200 ಡಿಗ್ರಿ ಮೀರಿ ಕಾಯಿಸಿದಾಗ ಅವು ಬಿಡುಗಡೆ ಹೊಂದಿ ಬೆಳಕಾಗಿ ಲೆಕ್ಕವನ್ನೊಪ್ಪಿಸುತ್ತವೆ. ಒಪ್ಪಿಸುವುದು ಒಂದೇ ಸಲ. ಓದುವಾಗ ಎಡವಿದರೆ ಲೆಕ್ಕ ಹೋದಂತೆಯೇ. ಒಂದೊಂದು ಬಿಲ್ಲೆಯ ಗುಣವೂ ತುಸು ಬೇರೆಯಾದ್ದರಿಂದ ಮೊದಲೇ ಒಂದೊಂದನ್ನೂ ಪರೀಕ್ಷಿಸಿಟ್ಟಿರಬೇಕು. 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಹಳೆಯದೆಲ್ಲ ಅಳಿದು ಬಿಲ್ಲೆ ಮತ್ತೆ ಹೊಸದಾಗುತ್ತದೆ.

ಕಾವಿಗೆ ಹರಳು ಬೆಳಗುವ ಸೋಜಿಗವನ್ನು ರಾಬರ್ಟ್ ಬಾಯ್ಲ್ 1663ರಲ್ಲಿಯೇ ಕಂಡಿದ್ದ. ಆತ ವಜ್ರವೊಂದನ್ನು ಹಾಸಿಗೆಗೊಯ್ದು ಮೈಗೊತ್ತಿಕೊಂಡು ಬೆಚ್ಚಗೆ ಮಾಡಿದನಂತೆ! ಆ ಬೆಳಕನ್ನು ವಿಕಿರಣದ ಅಳತೆಗೆ ಹಚ್ಚಿದವರು 1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಫ್ಯಾರಿಂಗ್‌ಟನ್ ಡೇನಿಯಲ್ಸ್ ಮತ್ತು ಸಂಗಡಿಗರು.

ಈ ಸಾಕ್ಷಿ ಅಂಚೆಯಲ್ಲಿಯೂ ಪ್ರಯಾಣ ಮಾಡಿದೆ. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ವಿಶ್ವ ಆರೋಗ್ಯ ಸಂಸ್ಥೆಯೊಡಗೂಡಿ 1969ರಿಂದ ಲವಣದ ಪುಡಿ ತುಂಬಿದ ಗುಳಿಗೆಗಳನ್ನು ದೇಶದೇಶಗಳ ಆಸ್ಪತ್ರೆಗಳಿಗೆ ಕಳುಹಿಸತೊಡಗಿತು. ಅವಕ್ಕೆ 2 ಗ್ರೇ ಕಿರಣ ಕೊಟ್ಟು ಹಿಂದಿರುಗಿಸಿದರಾಯಿತು. ಯಂತ್ರದ ನಿಜ ವಿಯೆನ್ನಾದಲ್ಲಿ ಬಯಲಾಗುತ್ತಿತ್ತು. ಲೆಕ್ಕ ತಪ್ಪಿದ ಆಸ್ಪತ್ರೆಗೆ ಎಚ್ಚರಿಕೆಯ ಓಲೆಯೂ, ಮರುಪರೀಕ್ಷೆಗೆ ಮತ್ತೆ ಗುಳಿಗೆಯೂ ಬರುತ್ತಿದ್ದವು. 2017ರಿಂದ ಆ ಕೆಲಸಕ್ಕೆ ಬಳಸುವುದು ಗಾಜಿನ ಕಡ್ಡಿಯನ್ನು. ಅದನ್ನು ಕಾಯಿಸಬೇಕಿಲ್ಲ, ಅತಿನೇರಿಳೆ ಕಿರಣ ಹಾಯಿಸಿದರೆ ಸಾಕು. ಎಷ್ಟು ಸಲ ಓದಿದರೂ ಅದರ ಲೆಕ್ಕ ಅಳಿಸದು.