ಕೊನೆಯ ಲಾಂಚು ಹೊರಡುವ ಮುನ್ನ

ನಮ್ಮ ಕ್ಯಾಲನೂರಿನ ಕಡೆ ಹುಟ್ಟಿ ಬೆಳೆದವರಿಗೆ ದೋಣಿ ಎಂದರೆ ಪಠ್ಯಪುಸ್ತಕದ ಚಿತ್ರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳೇನೋ ಬೇಕಾದಷ್ಟಿವೆ, ಅವು ತುಂಬಿ ಕೋಡಿ ಹರಿದರೆ ಅದೇ ಊರಹಬ್ಬ. ಹೀಗಿರುವಾಗ ಬಸ್ಸೇ ದೋಣಿ ಹತ್ತಿ ಹೊಳೆ ದಾಟುತ್ತದೆ ಎಂದರೆ ಹತ್ತನೇ ತರಗತಿಯ ಹುಡುಗಿ ನಂಬುವುದಾದರೂ ಹೇಗೆ? "ಸುಳ್ಳು ಹೇಳಬೇಡಪ್ಪ" ಎಂದಳು ಮಗಳು. ಮಾತು ಉಳಿಸಿಕೊಳ್ಳಲೆಂದು 2022ರ ಡಿಸೆಂಬರಿನ ಒಂದು ಶನಿವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ, ಭಾನುವಾರ ಬೆಳಗ್ಗೆ ಸಾಗರದಲ್ಲಿ ಇಳಿದೆವು. ಅಲ್ಲಿಂದ ಬಸ್ಸಿನಲ್ಲಿ ಅಂಬಾರಗೋಡ್ಲು, ಲಾಂಚಿನಲ್ಲಿ ಶರಾವತಿ ಹಿನ್ನೀರು, ಆಚೆ ದಡದ ಕಳಸವಳ್ಳಿ, ಮುಂದೆ ಸಿಗಂದೂರು.

ಹೋಗುವಾಗ ಎಲ್ಲವೂ ಸೊಗಸು. ಲಾಂಚು ಎಂದರೆ ಎಂಜಿನ್ ಜೋಡಿಸಿದ ಅಗಲವಾದ ಕಬ್ಬಿಣದ ಜಗಲಿ ಎನ್ನಬಹುದು. ದಡಕ್ಕೆ ಬಂದು ಮುಂದಿನ ಹಲಗೆಯನ್ನು ಇಳಿಸಿತೆಂದರೆ ಬಸ್ಸು, ಜೀಪು, ಬೈಕುಗಳು ಸೀದಾ ಒಳಗೆ. ಭಾರ ಒಂದೇ ಕಡೆಗೆ ವಾಲದಂತೆ ಸಿಬ್ಬಂದಿ ಕೈಸನ್ನೆ ಮಾಡಿ ನಿಲ್ಲಿಸುತ್ತಿದ್ದರು. ಮಿಕ್ಕ ಜಾಗದಲ್ಲಿ ನಾವು, ನೀವು, ಹಣ್ಣುಕಾಯಿಯ ಬುಟ್ಟಿ. ಹದಿನೈದಿಪ್ಪತ್ತು ನಿಮಿಷದ ಪಯಣ. ಮಗಳು ಕಂಬಿ ಹಿಡಿದು ನಿಂತವಳು ಒಂದು ಮಾತೂ ಆಡಲಿಲ್ಲ. ಅಷ್ಟು ನೀರನ್ನು ಅವಳು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಕಥೆ ಇರುವುದು ಹಿಂತಿರುಗುವಾಗ.

ದೇವಿಯ ದರ್ಶನ ಮುಗಿಸಿ ಕಳಸವಳ್ಳಿಯ ದಡಕ್ಕೆ ಬಂದಾಗ ಸಂಜೆ ಹತ್ತಿರವಾಗಿತ್ತು. ಭಾನುವಾರವಾದ್ದರಿಂದ ವಾಹನಗಳ ಸಾಲು ತಿರುವಿನಾಚೆಗೂ ಬೆಳೆದಿತ್ತು. ಕತ್ತಲಾದರೆ ಲಾಂಚಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬೆಳಗ್ಗೆ ಫೋಟೋ ತೆಗೆಯುತ್ತಿದ್ದ ಮಂದಿಯೆಲ್ಲ ಈಗ ಗಡಿಯಾರ ನೋಡುತ್ತಿದ್ದರು. ನಮ್ಮ ಪಕ್ಕದಲ್ಲಿ ಹೆಗಲಿಗೆ ಬ್ಯಾಗು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಮಾತ್ರ ನಿಶ್ಚಿಂತೆಯಿಂದಿದ್ದಳು. ತುಮರಿ ಕಡೆಯವಳು, ಸಾಗರದಲ್ಲಿ ಎರಡನೇ ವರ್ಷದ ಬಿ.ಎಸ್ಸಿ.

"ದಿನಾ ಓಡಾಡ್ತೀಯೇನಮ್ಮ?" ಎಂದೆ.

"ಇಲ್ಲ ಅಂಕಲ್, ಹಾಸ್ಟೆಲು. ಲ್ಯಾಬು ಮುಗಿಯೋದೇ ನಾಲ್ಕೂವರೆಗೆ. ಆಮೇಲೆ ಬಸ್ಸು ಹಿಡಿದು ಬಂದ್ರೆ ಹೊಳೆ ಹತ್ರ ಕತ್ಲೆ. ಲಾಂಚು ನಮಗೋಸ್ಕರ ಕಾಯ್ತದಾ?"

"ತಪ್ಪಿ ಹೋದರೆ ಅಕ್ಕ?" ಎಂದಳು ಮಗಳು.

"ಈಚೆ ದಡದಲ್ಲಿ ನೆಂಟರಿದ್ರೆ ಅವರ ಮನೆ. ಇಲ್ಲದಿದ್ರೆ ಕಾರ್ಗಲ್, ಕೋಗಾರ್ ಸುತ್ತಿ ಬರಬೇಕು."

ಆ ಸುತ್ತು ಎಂಬತ್ತು ಕಿಲೋಮೀಟರ್ ಆಸುಪಾಸು. ಕಣ್ಣೆದುರಿಗೆ ಕಾಣುವ ದಡಕ್ಕೆ! ಹಗಲು ಪ್ರವಾಸಕ್ಕೆ ಬಂದವರಿಗೆ ಅದು ಕೇವಲ ಅಂಕಿ. ರಾತ್ರಿ ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ ಏನೆಂಬುದನ್ನು ಆ ಹುಡುಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗ್ರೀಸ್ ದೇಶದ ದ್ವೀಪಗಳಲ್ಲಿ ಗಾಳಿ ಜೋರಾದರೆ ಹಡಗು ನಿಲ್ಲಿಸುತ್ತಾರೆ, ಜನ ದಡದಲ್ಲೇ ಉಳಿಯುತ್ತಾರೆ ಎಂದು ಓದಿದ್ದೆ. ಅವರನ್ನು ದ್ವೀಪವಾಸಿಗಳನ್ನಾಗಿ ಮಾಡಿದ್ದು ಸಮುದ್ರ. ಇವರನ್ನು ಮಾಡಿದ್ದು ನಾವು.

ಕರೂರು, ಬಾರಂಗಿ ಹೋಬಳಿಗಳ ಈ ಸೀಮೆ ಮೊದಲು ದ್ವೀಪವಾಗಿರಲಿಲ್ಲ. ನಡುವೆ ಶರಾವತಿ ಹೊಳೆಯಿತ್ತು, ಎರಡೂ ಕಡೆ ಗದ್ದೆ, ತೋಟ, ನೆಂಟಸ್ತಿಕೆ ಇತ್ತು. ಜೋಗದ ವಿದ್ಯುತ್ತಿಗಾಗಿ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಅದು ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು ಎಂದರೆ ಊರುಗಳ ಪಾಡು ಕೇಳಬೇಕೆ? ನೀರು ಬಹಳ ಇಳಿದ ಬೇಸಿಗೆಯಲ್ಲಿ ಹಿರೇಭಾಸ್ಕರ ಈಗಲೂ ತಲೆಯೆತ್ತುತ್ತದೆ. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದವು. ಅವರಲ್ಲಿ ಹಲವರ ಜಮೀನಿನ ಹಕ್ಕಿನ ತಕರಾರು ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. ಮುಳುಗದೆ ಉಳಿದ ಊರುಗಳಿಗೆ ಮೂರು ಕಡೆ ನೀರು, ಬೆನ್ನಿಗೆ ಘಟ್ಟದ ಕಾಡು.

ಇದನ್ನೆಲ್ಲ ಕೋಲಾರದವರು ತಿಳಿಯಲೇಬೇಕಾದ ಕಾರಣವಿದೆ. ಕೆ.ಜಿ.ಎಫ್. ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮುಂದೆ ರಾಜ್ಯದ ತಂತಿಗಳಲ್ಲಿ ಹರಿದ ಕರೆಂಟಿನಲ್ಲಿ ಶರಾವತಿಯದೇ ದೊಡ್ಡ ಪಾಲು; ಶರಾವತಿ ವಿದ್ಯುದಾಗಾರದ ಸಾಮರ್ಥ್ಯವೇ 1035 ಮೆಗಾವಾಟ್. ಆ ಕರೆಂಟಿನಿಂದಲೇ ನಮ್ಮ ಪಂಪ್‌ಸೆಟ್ಟುಗಳು ತಿರುಗಿದವು, ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದವು. ಅಲ್ಲಿನ ನೀರು ಕರೆಂಟಾಗಿ ಬಂದು ಇಲ್ಲಿನ ನೀರನ್ನು ಬರಿದು ಮಾಡಿತು!

ಇನ್ನೊಂದು ನಂಟೂ ಉಂಟು. ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಅದನ್ನು ನಿರ್ಮಿಸಿ ನಾಯಕಿಯಾಗಿ ನಟಿಸಿದವರು ಸೌಂದರ್ಯ, ನಮ್ಮ ಮುಳಬಾಗಿಲು ಕಡೆಯ ಹೆಣ್ಣುಮಗಳು. ನೀರು ಮೇಲೇರುತ್ತಿದ್ದರೂ ಮನೆ ಬಿಡದ ಸಂಸಾರದ ಕಥೆ ಅದು. ಪರೀಕ್ಷೆ ಮುಗಿದ ಮೇಲೆ ಮಕ್ಕಳೊಂದಿಗೆ ಕುಳಿತು ನೋಡಬಹುದಾದ ಚಿತ್ರ.

ಲಾಂಚು ಬಂತು. ನೂಕುನುಗ್ಗಲಿನಲ್ಲಿ ಮಗಳ ಕೈ ತಪ್ಪಿತು. ನೋಡಿದರೆ ಆ ಹುಡುಗಿಯೇ ಅವಳನ್ನು ಎಳೆದುಕೊಂಡು ಅಂಚಿನ ಕಂಬಿಯ ಬಳಿ ನಿಲ್ಲಿಸಿದ್ದಳು. ದಾರಿಯುದ್ದಕ್ಕೂ ಇಬ್ಬರದೂ ಮಾತು. ಕೆಮಿಸ್ಟ್ರಿ ಕಷ್ಟವೋ ಫಿಸಿಕ್ಸೋ, ಹಾಸ್ಟೆಲ್ ಊಟ ಹೇಗೆ, ಇತ್ಯಾದಿ. ಬಟ್ಟೆಯ ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳವಿತ್ತಂತೆ. ನಾಲ್ಕನ್ನು ಕಾಗದದಲ್ಲಿ ಸುತ್ತಿ ಇವಳಿಗೆ ಕೊಟ್ಟಳು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು ನೀರಿನಿಂದ ಎದ್ದು ನಿಂತಿದ್ದವು. ಶಂಕುಸ್ಥಾಪನೆಯಾದದ್ದು 2018ರಲ್ಲಿ. "ಇದು ಯಾವಾಗ ಮುಗಿಯತ್ತೆ ಅಕ್ಕ?" ಎಂದು ಮಗಳು ಕೇಳಿದ್ದಕ್ಕೆ, "ನಾನು ಪ್ರೈಮರಿ ಸ್ಕೂಲಲ್ಲಿದ್ದಾಗಿಂದ ಸೇತುವೆ ಬರ್ತದೆ ಅಂತಿದಾರೆ" ಎಂದು ನಕ್ಕಳು. ದಡ ಸೇರುತ್ತಲೇ ಸಾಗರದ ಬಸ್ಸಿನತ್ತ ಓಡಿದಳು. ಸೋಮವಾರ ಬೆಳಗ್ಗೆ ಲ್ಯಾಬು.

ಮಳೆ ತಡವಾದ 2023ರ ಜೂನಿನಲ್ಲಿ ಹಿನ್ನೀರು ಇಳಿದು, ಲಾಂಚಿಗೆ ವಾಹನ ಹತ್ತಿಸುವುದೇ ನಿಂತಿತು. ಪತ್ರಿಕೆಯಲ್ಲಿ ಅದನ್ನೋದಿದಾಗ ಮಗಳಿಗೆ ಮೊದಲು ನೆನಪಾದದ್ದು ಆ ಅಕ್ಕ.

ಕಡೆಗೂ 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಸೇತುವೆಯನ್ನು ಉದ್ಘಾಟಿಸಿದರು. 2.44 ಕಿ.ಮೀ. ಉದ್ದದ, ಕೇಬಲ್ಲುಗಳು ಹೊತ್ತು ನಿಂತ ಸೇತುವೆ. ಲಿಂಗನಮಕ್ಕಿ ಕಟ್ಟಿ 61 ವರ್ಷಗಳಾಗಿದ್ದವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಈಗ ಕೆಲವೇ ನಿಮಿಷ, ನಡುರಾತ್ರಿಯಾದರೂ ಸರಿ.

ಟಿ.ವಿ.ಯಲ್ಲಿ ದೀಪಗಳ ಸಾಲು ನೋಡುತ್ತ ಮಗಳು ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಅಕ್ಕನ ಡಿಗ್ರಿ ಹೋದ ವರ್ಷವೇ ಮುಗಿದಿರತ್ತೆ ಅಲ್ವಾಪ್ಪ?"