ಪೋಸ್ಟರು ಮೊದಲು, ಪೆಡಂಭೂತ ಆಮೇಲೆ

1950ರ ದಶಕದ ನಡುವಿನಲ್ಲಿ, ಅಮೆರಿಕದ ದೊಡ್ಡ ಸ್ಟುಡಿಯೋಗಳ ಆಸರೆಯಿಲ್ಲದೆ ತಯಾರಾಗುತ್ತಿದ್ದ ಅಗ್ಗದ ಭೀತಿಚಿತ್ರಗಳಲ್ಲಿ ಮೊದಲು ಹೆಸರು, ಹೆಸರಿನ ಬೆನ್ನಿಗೆ ಪೋಸ್ಟರು, ಆಮೇಲೆ ಕಥೆ ಸಿದ್ಧವಾಗುವುದು ವಾಡಿಕೆಯಾಗಿತ್ತು; ಪೋಸ್ಟರಿನಲ್ಲಿ ಅಬ್ಬರಿಸುತ್ತಿದ್ದ ಪೆಡಂಭೂತಕ್ಕೆ ಸಿಗುತ್ತಿದ್ದುದು ಎಲ್ಲರ ಪಾಲು ಮುಗಿದ ಮೇಲೆ ಉಳಿದ ಪುಡಿಗಾಸು. ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಆರಂಭಿಸಿದ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದ ಸಂಸ್ಥೆ ಈ ತಲೆಕೆಳಗಾದ ಕ್ರಮವನ್ನೇ ವ್ಯಾಪಾರದ ಸೂತ್ರವನ್ನಾಗಿ ಮಾಡಿಕೊಂಡಿತು. ಅದರ 1955ರ ಚಿತ್ರ ‘ದಿ ಬೀಸ್ಟ್ ವಿತ್ ಎ ಮಿಲಿಯನ್ ಐಸ್’ ಹೆಸರಿನಲ್ಲಿಯೇ ಹತ್ತು ಲಕ್ಷ ಕಣ್ಣುಗಳ ಮೃಗವನ್ನು ತೋರಿಸುವುದಾಗಿ ಪ್ರೇಕ್ಷಕನಿಗೆ ಮಾತುಕೊಟ್ಟಿತ್ತು. ಆ ಜೀವಿ ಪ್ರಾಣಿಪಕ್ಷಿಗಳ ಕಣ್ಣುಗಳ ಮೂಲಕ ನೋಡುತ್ತದೆ ಎಂಬ ಜಾಣ ಸಮಜಾಯಿಷಿಯನ್ನು ಬಿಟ್ಟರೆ ತೆರೆಯ ಮೇಲೆ ತೋರಿಸಲು ಚಿತ್ರದ ಬಳಿ ಏನೂ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಬಂದವರು ವಿಜ್ಞಾನ ಕಥಾ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಪಾಲ್ ಬ್ಲೇಸ್‌ಡೆಲ್. ಕೆಲವೇ ನೂರು ಡಾಲರುಗಳಿಗೆ ಅವರು ಮಾಡಿಕೊಟ್ಟ ಪುಟ್ಟ ಗೊಂಬೆಯ ಮೇಲೆ ಸಂಕಲನದಲ್ಲಿ ದೊಡ್ಡ ಕಣ್ಣೊಂದರ ಬಿಂಬವನ್ನು ಹೊದಿಸಿದ್ದರಿಂದ ಅದು ಯಾರಿಗೂ ಸರಿಯಾಗಿ ಕಾಣಿಸಲಿಲ್ಲ. ಆದರೂ ಕೆಲಸ ಮುಂದುವರಿಯಿತು. ಪತ್ನಿ ಜಾಕಿಯ ನೆರವಿನಿಂದ, ಮೈಗಂಟುವ ಉದ್ದನೆಯ ಒಳಉಡುಪಿನ ಮೇಲೆ ಸ್ಪಂಜಿನಂಥ ಫೋಮ್ ರಬ್ಬರಿನ ತುಂಡುಗಳನ್ನು ಅಂಟಿಸಿ, ಭೂತದ ಮೈಯನ್ನು ಮನೆಯಲ್ಲಿಯೇ ರೂಪಿಸಿ, ಅನೇಕ ಸಲ ಅದನ್ನು ತೊಟ್ಟು ಕ್ಯಾಮೆರಾದ ಮುಂದೆ ನಿಂತವರೂ ಅವರೇ.

1956ರ ‘ಇಟ್ ಕಾಂಕರ್ಡ್ ದಿ ವರ್ಲ್ಡ್’ ಚಿತ್ರದ ಶುಕ್ರಗ್ರಹದ ಜೀವಿ ಏಕೆ ಅಷ್ಟು ಕುಳ್ಳಗೆ, ನೆಲಕ್ಕೆ ಅಂಟಿಕೊಂಡಂತೆ ಇತ್ತೆಂಬುದಕ್ಕೆ ಎರಡು ವಿವರಣೆಗಳಿವೆ. ಎಂಜಿನಿಯರಿಂಗ್ ಓದಿದ್ದ ನಿರ್ದೇಶಕ ರೋಜರ್ ಕಾರ್ಮನ್ ಅವರ ಪ್ರಕಾರ, ಗುರುತ್ವಾಕರ್ಷಣೆ ಹೆಚ್ಚಿರುವ ಗ್ರಹದಲ್ಲಿ ಎತ್ತರದ ಪ್ರಾಣಿ ಬದುಕಲಾರದು ಎಂಬುದು ತಮ್ಮದೇ ತರ್ಕ. ಬ್ಲೇಸ್‌ಡೆಲ್ ಪ್ರಕಾರ, ಬಿಸಿಯೂ ತೇವವೂ ತುಂಬಿದ ಲೋಕದಲ್ಲಿ ಅಣಬೆಯಂತೆ ಬೆಳೆದ ಸಸ್ಯಜೀವಿಯದು. ವಾಸ್ತವದಲ್ಲಿ ಶುಕ್ರನ ಗುರುತ್ವ ಭೂಮಿಯದಕ್ಕಿಂತ ಸ್ವಲ್ಪ ಕಡಿಮೆಯೇ ಆದ್ದರಿಂದ, ಎಂಜಿನಿಯರರ ತರ್ಕಕ್ಕಿಂತ ಚಿತ್ರಕಾರನ ಕಲ್ಪನೆಯೇ ಹೆಚ್ಚು ಗಟ್ಟಿಯೆನಿಸುತ್ತದೆ. ಆದರೆ ನಾಯಕಿ ಬೆವರ್ಲಿ ಗಾರ್ಲೆಂಡ್ ಆ ಗೊಂಬೆಯ ಪಕ್ಕದಲ್ಲಿ ನಿಂತು, ಕೆಳಗೆ ದಿಟ್ಟಿಸಿ, ಲೋಕವನ್ನು ಗೆಲ್ಲಲು ಹೊರಟದ್ದು ಇದೇನಾ ಎಂದು ಅಣಕಿಸಿದಾಗ ಎರಡೂ ವಾದಗಳು ಬಿದ್ದುಹೋದವು. ಅಂದಿನಿಂದ ಪೆಡಂಭೂತ ಯಾವಾಗಲೂ ನಾಯಕಿಗಿಂತ ಎತ್ತರವಿರಬೇಕು ಎಂಬ ಪಾಠ ಕಲಿತೆನೆಂದು ಕಾರ್ಮನ್ ಕೊನೆಯವರೆಗೂ ನಗುತ್ತ ಹೇಳಿಕೊಂಡರು. ಗುಹೆಯ ಮಬ್ಬಿನಲ್ಲಿ ಅಡಗಿರಬೇಕೆಂದೇ ರೂಪಿಸಿದ್ದ ಜೀವಿಯನ್ನು ಬಿಸಿಲಿಗೆ ಎಳೆದು ತಂದು ಚಿತ್ರೀಕರಿಸಿದ್ದು ಯಾರ ನಿರ್ಧಾರವೆಂಬುದು ಆ ನಗೆಯ ಕಥೆಯಲ್ಲಿ ಮರೆತೇಹೋಗುತ್ತದೆ. ಸೌತೆಕಾಯಿ ಎಂಬ ಅಡ್ಡಹೆಸರು ಮಾತ್ರ ಮಾಡಿದವನ ಕೈಕೆಲಸಕ್ಕೆ ಅಂಟಿಕೊಂಡಿತು.

ಅದೇ ವರ್ಷದ ‘ದಿ ಶೀ-ಕ್ರೀಚರ್’ ಚಿತ್ರಕ್ಕೆ ಮಾಡಿದ ವೇಷವನ್ನು ಬದಲಿಸಿ ಬೇರೆ ಚಿತ್ರಗಳಲ್ಲಿಯೂ ದುಡಿಸಿಕೊಳ್ಳಲಾಯಿತು. 1958ರ ‘ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ ಚಿತ್ರದಲ್ಲಿ ಭೂತವಾಗಬೇಕಿದ್ದ ನಟ ರೇ ಕಾರಿಗನ್ ಅಳತೆ ಕೊಡಲು ಬರಲೊಪ್ಪದ ಕಾರಣ ಮುಖವಾಡ ಅವರಿಗೆ ಕೂಡಲಿಲ್ಲ. ಮುಖವಾಡದ ಬಾಯಿಯಿಂದ ಹೊರಗೆ ಚಾಚಿದ ಅವರ ಗದ್ದಕ್ಕೆ ಬಣ್ಣ ಬಳಿದು ಅದನ್ನೇ ನಾಲಗೆಯೆಂದು ತೋರಿಸಬೇಕಾಯಿತು. ಬಾಹ್ಯಾಕಾಶ ನೌಕೆಯೊಳಗೆ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ ಜೀವಿಯ ಈ ಕಥೆಯನ್ನು 1979ರ ‘ಏಲಿಯನ್’ ಚಿತ್ರದ ಪೂರ್ವಜವೆಂದು ವಿಮರ್ಶಕರು ಗುರುತಿಸುತ್ತಾರೆ.

ಸಂಸ್ಥೆಯ ಅಸಡ್ಡೆ 1958ರ ‘ಹೌ ಟು ಮೇಕ್ ಎ ಮಾನ್‌ಸ್ಟರ್’ ಚಿತ್ರದಲ್ಲಿ ನಾಚಿಕೆಗೇಡಿನ ಮಟ್ಟ ಮುಟ್ಟಿತು. ಇನ್ನು ಪೆಡಂಭೂತಗಳು ಬೇಡವೆಂದು ಸ್ಟುಡಿಯೋದಿಂದ ಹೊರದಬ್ಬಿಸಿಕೊಂಡ ಪ್ರಸಾಧನ ಕಲಾವಿದನೊಬ್ಬ ಸೇಡು ತೀರಿಸಿಕೊಳ್ಳುವ ಆ ಕಥೆಯ ಕೊನೆಯ ಬೆಂಕಿಯ ದೃಶ್ಯದಲ್ಲಿ, ಗೋಡೆಗೆ ತೂಗುಹಾಕಿದ್ದ ಬ್ಲೇಸ್‌ಡೆಲ್ ಅವರ ನಿಜವಾದ ಮುಖವಾಡಗಳು ಉರಿದವು. ಮುಂದೆ ಗೆಳೆಯ ಬಾಬ್ ಬರ್ನ್ಸ್ ಜೊತೆ ಅವರು ನಡೆಸಿದ ‘ಫೆಂಟಾಸ್ಟಿಕ್ ಮಾನ್‌ಸ್ಟರ್ಸ್ ಆಫ್ ದಿ ಫಿಲ್ಮ್ಸ್’ ಪತ್ರಿಕೆಯೂ ಹೆಚ್ಚು ಕಾಲ ಬಾಳಲಿಲ್ಲ. ಚಿತ್ರರಂಗದಿಂದ ದೂರ ಸರಿದ ಬ್ಲೇಸ್‌ಡೆಲ್ 1983ರಲ್ಲಿ ತೀರಿಕೊಂಡರು. ರ್‍ಯಾಂಡಿ ಪಾಮರ್ ಬರೆದ ಅವರ ಜೀವನಚರಿತ್ರೆ ಹೊರಬಂದದ್ದು 1997ರಲ್ಲಿ, ಆ ಹೊತ್ತಿಗೆ ಕುಳ್ಳ ಭೂತದ ಕಥೆಯನ್ನು ಕಾರ್ಮನ್ ತಮ್ಮ ಆತ್ಮಕಥೆಯಲ್ಲಿ ತಮ್ಮದೇ ರೀತಿಯಲ್ಲಿ ಹೇಳಿ ಏಳು ವರ್ಷಗಳಾಗಿದ್ದವು.