ವ್ಯಾಯಾಮವೂ ಭೋಜನವೂ: ಮೊದಲಾವುದು, ಬಳಿಕಾವುದು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದಾಗ ಹಿಂದೆ ಕೇಳಿಬರುತ್ತಿದ್ದ ಮಾತುಗಳೇ ಬೇರೆ, ಈಗ ಕೇಳಿಬರುವ ಮಾತುಗಳೇ ಬೇರೆ. ಹಿಂದೆ ಮಳೆಬೆಳೆ, ಮಕ್ಕಳ ವಿದ್ಯಾಭ್ಯಾಸ, ಅಡಕೆ ಕೊಬ್ಬರಿಗಳ ಧಾರಣೆ ಇವುಗಳ ಪ್ರಸ್ತಾಪ ನಡೆಯುತ್ತಿತ್ತು. ಈಗಲಾದರೋ "ಶರಣು ಮೇಷ್ಟ್ರೇ" ಎಂಬ ನುಡಿಯ ಬೆನ್ನಿಗೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೈತೂಕಗಳ ಮಾತು ಬರುತ್ತದೆ. ಕಳೆದ ವರ್ಷ ಹೊಸದುರ್ಗದ ಕಡೆಯ ಶಿಷ್ಯರೊಬ್ಬರು ನನ್ನನ್ನು ಕೇಳಿದರು: "ಮೇಷ್ಟ್ರೇ, ತೂಕ ಇಳಿಸಬೇಕಾದರೆ ಉಂಡು ನಡೆಯಬೇಕೋ, ನಡೆದು ಉಣ್ಣಬೇಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ." ನಾನು ವೈದ್ಯನಲ್ಲ, ಶಬ್ದಶಾಸ್ತ್ರವನ್ನು ಓದಿ ಅದನ್ನೇ ಪಾಠ ಹೇಳಿಕೊಂಡು ಬಂದವನು. ಆದರೂ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ನಮ್ಮ ಸೀಮೆಯ ಹಿಂದಿನ ಬದುಕನ್ನು ಸ್ವಲ್ಪ ನೆನೆಯೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಒಣಭೂಮಿಯ ಒಕ್ಕಲಿಗನು ಕೋಳಿ ಕೂಗುವ ಹೊತ್ತಿಗೆ ಎದ್ದು, ಗುಟುಕು ಅಂಬಲಿಯನ್ನು ಕುಡಿದೋ ಕುಡಿಯದೆಯೋ ನೇಗಿಲನ್ನು ಹೂಡುತ್ತಿದ್ದನು. ಬಿಸಿಲೇರಿದ ಮೇಲೆ ಮನೆಯಿಂದ ಬುತ್ತಿ ಬರುತ್ತಿತ್ತು. ಬದುವಿನ ಮರದ ನೆರಳಲ್ಲಿ ರೊಟ್ಟಿಯನ್ನೋ ಮುದ್ದೆಯನ್ನೋ ಉಂಡು, ಅರೆಗಳಿಗೆ ವಿಶ್ರಮಿಸಿ, ಮತ್ತೆ ದುಡಿಮೆಗೆ ತೊಡಗುತ್ತಿದ್ದನು. ದೀಪ ಹಚ್ಚುವ ಹೊತ್ತಿಗೆ ರಾತ್ರಿಯ ಊಟ ಮುಗಿಯುತ್ತಿತ್ತು. ಅವನಿಗೆ ವ್ಯಾಯಾಮವೆಂಬ ಬೇರೆ ಕಾರ್ಯವಿರಲಿಲ್ಲ, ಕಾಯಕವೇ ವ್ಯಾಯಾಮವಾಗಿತ್ತು. ಇಂದು ಅವನ ಮಗನು ಕಚೇರಿಯಲ್ಲಿ ಕುಳಿತಿದ್ದಾನೆ, ಮೊಮ್ಮಗನು ಗಣಕಯಂತ್ರದ ಮುಂದೆ ಕುಳಿತಿದ್ದಾನೆ. ಮುದ್ದೆಯ ಗಾತ್ರವಾದರೋ ಅಷ್ಟೇ ಉಳಿದಿದೆ. ಅದರ ಮೇಲೆ ಅನ್ನ, ಹಪ್ಪಳ, ಸಿಹಿ, ಸಂಜೆಯ ಬೋಂಡಾ ಕೂಡಿಕೊಂಡಿವೆ. ರಾತ್ರಿಯ ಊಟ ಹತ್ತು ಗಂಟೆಗೆ ಸರಿದಿದೆ. ಕಾಯಕವು ಲೋಪವಾಗಿ ಭೋಜನವು ಆಗಮವಾಯಿತೆಂದು ವ್ಯಾಕರಣದ ಭಾಷೆಯಲ್ಲಿ ಹೇಳಬಹುದು.

ಇದರ ಫಲವು ನಗುವ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶವ್ಯಾಪಿಯಾಗಿ ನಡೆದ ಸಮೀಕ್ಷೆಯು 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚಾದುದರಿಂದ ಪುರುಷರಿಗೆ 90 ಸೆಂಟಿಮೀಟರು, ಸ್ತ್ರೀಯರಿಗೆ 80 ಸೆಂಟಿಮೀಟರು ಸೊಂಟದ ಸುತ್ತಳತೆಯ ಮಿತಿಯೆಂದು ವೈದ್ಯರು ಹೇಳುತ್ತಾರೆ. ತಕ್ಕಡಿಯನ್ನು ಹತ್ತುವ ಮೊದಲು ಅಳತೆಯ ಪಟ್ಟಿಯನ್ನು ಹಿಡಿದು ನೋಡಿದರೆ ಅರ್ಧ ಸತ್ಯ ತಿಳಿಯುತ್ತದೆ.

ಈಗ ಪ್ರಾಚೀನರ ಮಾತಿಗೆ ಬರೋಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಷ್ಟೌನಿಂದಿತೀಯವೆಂಬ ಅಧ್ಯಾಯವೊಂದುಂಟು. ಶರೀರದ ದೃಷ್ಟಿಯಿಂದ ನಿಂದಿತರಾದ ಎಂಟು ಬಗೆಯವರನ್ನು ಅಲ್ಲಿ ಹೇಳಿ, ಅವರಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ವಿಶೇಷವಾಗಿ ವಿಚಾರಿಸಲಾಗಿದೆ. ಇಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಹೆಚ್ಚು ಕಷ್ಟವೆಂಬುದು ಆಚಾರ್ಯನ ಅಭಿಪ್ರಾಯ. ಏಕೆಂದರೆ ಅವನಿಗೆ ಹಸಿವೆ ಬಲವಾಗಿರುತ್ತದೆ, ತಿಂದದ್ದು ಬೇಗ ಜೀರ್ಣವಾಗಿ ಮತ್ತೆ ಅನ್ನ ಬೇಕೆನಿಸುತ್ತದೆ. ಆದುದರಿಂದ ಅವನ ಆಹಾರವು ಜೀರ್ಣವಾಗುವುದಕ್ಕೆ ಹೊತ್ತು ಹಿಡಿಯುವಂತಹುದೂ ಮೈಯನ್ನು ಬೆಳೆಸದಂತಹುದೂ ಆಗಿರಬೇಕೆಂದು ಹೇಳಿ ಧಾನ್ಯಗಳ ಪಟ್ಟಿಯನ್ನು ಕೊಟ್ಟಿದೆ. ಪ್ರಿಯಂಗುವೆಂದರೆ ನವಣೆ, ಜೂರ್ಣಾಹ್ವವೆಂದರೆ ಜೋಳ, ಕೋದ್ರವವೆಂದರೆ ಹಾರಕ, ಮುದ್ಗವೆಂದರೆ ಹೆಸರು, ಕುಲತ್ಥವೆಂದರೆ ಹುರುಳಿ. ಇವು ನಮ್ಮ ಸೀಮೆಯ ಒಣಹೊಲಗಳಿಗೆ ಅಪರಿಚಿತವಲ್ಲ! ನಮ್ಮ ಹಿರಿಯರು ಬಡತನದ ಕೂಳೆಂದು ಉಂಡುದನ್ನು ಶಾಸ್ತ್ರವು ಸ್ಥೂಲನಿಗೆ ಪಥ್ಯವೆಂದು ವಿಧಿಸಿದೆ. ಇಂದಿನ ಲೆಕ್ಕವೂ ಇದಕ್ಕೆ ದೂರವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಮೆ. ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿದಂತೆ ಇಡುತ್ತದೆ. ಆದರೆ ರಾಗಿಯೆಂಬ ಕಾರಣಕ್ಕೆ ಮುದ್ದೆಗೆ ಮಿತಿಯಿಲ್ಲವೆಂದು ತಿಳಿಯಬಾರದು. 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 320 ಕ್ಯಾಲೊರಿಯಷ್ಟು ಶಕ್ತಿಯಿದೆ.

ವ್ಯಾಯಾಮದ ಪ್ರಮಾಣವನ್ನು ಪ್ರಾಚೀನರು ಅರ್ಧಶಕ್ತಿಯೆಂದು ಹೇಳಿದ್ದಾರೆ. ಉಸಿರು ಬಾಯಿಗೆ ಬರತೊಡಗುವುದು, ಹಣೆಯಲ್ಲಿ ಬೆವರೊಡೆಯುವುದು ಅದರ ಲಕ್ಷಣ. ಮಾತನಾಡಲು ಬರಬೇಕು, ಹಾಡಲು ಬರಬಾರದು ಎಂಬ ಇಂದಿನ ವೈದ್ಯರ ಅಳತೆಯೂ ಹೆಚ್ಚು ಕಡಮೆ ಇದೇ. ಅಜೀರ್ಣವುಳ್ಳವನು ವ್ಯಾಯಾಮ ಮಾಡಬಾರದೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ನಿಷೇಧಿಸಿದ್ದಾನೆ. ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಸ್ಥೂಲನು ನಿದ್ರೆಯನ್ನು ಕಡಮೆ ಮಾಡಬೇಕೆಂದು ಚರಕಸಂಹಿತೆಯಲ್ಲಿದೆ. ನಿದ್ರೆಗೆಟ್ಟರೆ ಹಸಿವೆ ಹೆಚ್ಚಿ ತೂಕವೇರುತ್ತದೆಂದು ಇಂದಿನ ಪರಿಶೀಲನೆ ತಿಳಿಸಿದೆ. ಹಗಲು ನಿದ್ರೆಯ ಸೋಮಾರಿತನವನ್ನು ಬಿಡುವುದು ಒಳ್ಳೆಯದು; ರಾತ್ರಿಯ ನಿದ್ರೆಯನ್ನು ಬಿಡತಕ್ಕದ್ದಲ್ಲ.

ಇನ್ನು ಮುಖ್ಯ ಪ್ರಶ್ನೆ. ಬರಿಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುವುದೇ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರಾತ್ರಿಯಿಡೀ ಉಪವಾಸವಿದ್ದ ದೇಹವು ನಡಿಗೆಯ ಹೊತ್ತಿನಲ್ಲಿ ಹಿಟ್ಟುಸಕ್ಕರೆಗಳಿಗಿಂತ ಕೊಬ್ಬನ್ನೇ ಹೆಚ್ಚಾಗಿ ಉರಿಸುವುದು ನಿಜ. ಆದರೆ ದೇಹವು ಜಾಣ ಸಂಸಾರಿಯಂತೆ. ಬೆಳಗ್ಗೆ ಒಂದು ಪೆಟ್ಟಿಗೆಯಿಂದ ತೆಗೆದುದನ್ನು ಸಂಜೆಯೊಳಗೆ ಇನ್ನೊಂದರಿಂದ ಸರಿದೂಗಿಸುತ್ತದೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ಮಂದಿ ತರುಣಿಯರನ್ನು ಎರಡು ಪಂಗಡ ಮಾಡಿ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮವನ್ನು ನಾಲ್ಕು ವಾರ ಮಾಡಿಸಿದರು. ಒಂದು ಪಂಗಡ ಬರಿಹೊಟ್ಟೆಯಲ್ಲಿ, ಇನ್ನೊಂದು ಆಹಾರ ಸೇವಿಸಿ. ಇಬ್ಬರಿಗೂ ಆಹಾರದ ಮಿತಿಯನ್ನು ಗೊತ್ತುಪಡಿಸಲಾಗಿತ್ತು. ಎರಡು ಪಂಗಡಗಳಲ್ಲೂ ತೂಕ ಇಳಿಯಿತು. ಆದರೆ ಒಂದಕ್ಕೂ ಇನ್ನೊಂದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದಾದರೂ ಅದರ ಪಾಠ ಸ್ಪಷ್ಟವಾಗಿದೆ: ತೂಕವನ್ನು ನಿರ್ಧರಿಸುವುದು ಇಡೀ ದಿನದ ಆಯವ್ಯಯ, ಕೇವಲ ಬೆಳಗಿನ ಒಂದು ಗಂಟೆಯಲ್ಲ.

ಆ ಆಯವ್ಯಯವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. 70 ಕಿಲೋ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವುದು ಸುಮಾರು 250ರಿಂದ 300 ಕ್ಯಾಲೊರಿ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಯ ಕೊರತೆ ಬೀಳಬೇಕು. ಎಂದರೆ ಊಟವನ್ನು ಹೆಚ್ಚಿಸದೆ ದಿನವೂ ನಡೆದರೆ ತಿಂಗಳಿಗೆ ಒಂದು ಕಿಲೋ ಇಳಿದೀತು. ಇಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಮೂರು ತಿಂಗಳ ಕಾಲ ನಾನು ಮಿತ್ರರೊಡನೆ ಚಂದ್ರವಳ್ಳಿಯ ಕಡೆಗೆ ತಪ್ಪದೆ ನಡೆದೆನು. ನಡೆದು ಬಂದ ಪುಣ್ಯಕ್ಕೆ ದಾರಿಯಲ್ಲಿ ಮಸಾಲೆ ದೋಸೆ, ಒಂದು ವಡೆ, ಸಕ್ಕರೆ ಹಾಕಿದ ಕಾಫಿ. ಮೂರು ತಿಂಗಳ ಮೇಲೆ ತೂಕ ನೋಡಿದರೆ ಒಂದು ಕಿಲೋ ಏರಿತ್ತು! ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿಯಿದೆ. ಗಂಟೆಯ ನಡಿಗೆಯ ಗಳಿಕೆಯನ್ನು ಕಾವಲಿಯ ಎಣ್ಣೆ ಹತ್ತು ನಿಮಿಷದಲ್ಲಿ ಕಸಿದುಕೊಳ್ಳುತ್ತದೆ. ನಡಿಗೆಯ ನಂತರದ ಆಹಾರವು ಬಹುಮಾನವಲ್ಲ, ದಿನದ ಊಟದ ಒಂದು ಭಾಗ ಮಾತ್ರ ಎಂಬುದನ್ನು ನಾನು ಕಲಿತದ್ದು ಹೀಗೆ.

ಗರಡಿಯ ಪೈಲ್ವಾನರು ನಸುಕಿನಲ್ಲಿ ಸಾಮು ಮಾಡಿ ಬಳಿಕ ಹಾಲು ಬಾದಾಮಿಗಳನ್ನು ಸೇವಿಸುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಮಲ್ಲರ ವಿಷಯಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆದರೆ ಮಲ್ಲನ ಗುರಿ ಮೈಯನ್ನು ಬೆಳೆಸುವುದು, ನಮ್ಮ ಗುರಿ ಇಳಿಸುವುದು. ಅಖಾಡವನ್ನು ಬಿಟ್ಟು ಊಟವನ್ನು ಬಿಡದ ಪೈಲ್ವಾನನ ಮೈ ಏನಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಗರಡಿಯಿಂದ ನಾವು ಕಲಿಯಬೇಕಾದುದು ಬೇರೊಂದಿದೆ. ಆಹಾರವನ್ನು ಕಡಮೆ ಮಾಡಿದಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ವಾರಕ್ಕೆರಡು ದಿನವಾದರೂ ಬಸ್ಕಿಯಂತಹ ಬಲದ ವ್ಯಾಯಾಮವೂ ಪ್ರತಿ ಊಟದಲ್ಲಿ ಸ್ವಲ್ಪ ಪ್ರೋಟೀನೂ ಬೇಕು. ಹುರುಳಿಯ ಸಾರು, ಮೊಳಕೆ ಕಾಳು, ಮಜ್ಜಿಗೆ, ಮೊಸರು ಇವು ಸಾಕಷ್ಟು ಒದಗಿಸಬಲ್ಲವು. ವ್ಯಾಯಾಮ ಮುಗಿದ ಕ್ಷಣದಲ್ಲಿಯೇ ಕುಡಿಯಬೇಕೆಂಬ ಆತುರ ಬೇಡ; ಒಂದೆರಡು ಗಂಟೆಯೊಳಗಿನ ಸಾಮಾನ್ಯ ಊಟವೇ ಸಾಕು.

ಊಟದ ನಂತರದ ನಡಿಗೆಯ ವಿಚಾರ ಬೇರೆ. ಉಂಡವನು ಅನ್ನದ ಆಯಾಸ ಕಳೆಯುವವರೆಗೆ ರಾಜನಂತೆ ಕುಳಿತಿದ್ದು, ಬಳಿಕ ನೂರು ಹೆಜ್ಜೆ ನಡೆಯಬೇಕೆಂಬುದು ಸುಶ್ರುತನ ಉಪದೇಶ. ನಮ್ಮವರು ರಾಜನಂತೆ ಕೂರುವ ಭಾಗವನ್ನು ಮಾತ್ರ ಶ್ರದ್ಧೆಯಿಂದ ಪಾಲಿಸುತ್ತಾರೆ. ನ್ಯೂಜಿಲೆಂಡಿನಲ್ಲಿ 41 ಮಂದಿ ಮಧುಮೇಹಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನದಲ್ಲಿ ಯಾವಾಗಲಾದರೂ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟಗಳ ಬಳಿಕ ಹತ್ತು ಹತ್ತು ನಿಮಿಷ ನಡೆದಾಗ, ಊಟದ ನಂತರ ಏರುವ ರಕ್ತದ ಸಕ್ಕರೆಯು ಶೇಕಡ 12ರಷ್ಟು ಕಡಮೆಯಾಗಿತ್ತು. ರಾತ್ರಿಯೂಟದ ಬಳಿಕ ಈ ಪ್ರಯೋಜನ ಇನ್ನೂ ಹೆಚ್ಚು. ಇದು ಮೆಲ್ಲನೆಯ ನಡಿಗೆ. ಓಟ, ಬೆಟ್ಟ ಹತ್ತುವುದು, ಸಾಮು ಇವಕ್ಕೆ ಪೂರ್ಣ ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಲಘು ಉಪಾಹಾರವಾದರೆ ಒಂದು ಗಂಟೆ ಸಾಕು.

ಊಟದ ವೇಳೆಯೂ ನಗಣ್ಯವಲ್ಲ. ಸ್ಪೇನ್ ದೇಶದಲ್ಲಿ ತೂಕ ಇಳಿಸುವ ಚಿಕಿತ್ಸೆಯಲ್ಲಿದ್ದ 420 ಜನರನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಮಧ್ಯಾಹ್ನ ಮೂರರ ಮೇಲೆ ಮುಖ್ಯ ಊಟ ಮಾಡುತ್ತಿದ್ದವರ ತೂಕ ಕಡಮೆ ಇಳಿಯಿತು. ಹಾಗೆಂದು ಗಡಿಯಾರವೇ ಸರ್ವಸ್ವವೂ ಅಲ್ಲ. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಂಡವರಿಗೂ ಹೊತ್ತಿನ ನಿರ್ಬಂಧವಿಲ್ಲದೆ ಅಷ್ಟೇ ಮಿತಿಯಲ್ಲಿ ಉಂಡವರಿಗೂ ಹೇಳಿಕೊಳ್ಳುವಂತಹ ಭೇದ ಕಾಣಲಿಲ್ಲ. ಮಿತಿ ಮೊದಲು, ಹೊತ್ತು ಆಮೇಲೆ.

ಇನ್ನು ನಾನು ಈ ಲೇಖನಕ್ಕೆ ಕೈಹಾಕಿದ ಕಾರಣ. ನಿವೃತ್ತ ಸಹೋದ್ಯೋಗಿಯೊಬ್ಬರು ಬರಿಹೊಟ್ಟೆಯ ಮಹಿಮೆಯನ್ನು ಯಾರಿಂದಲೋ ಕೇಳಿ, ರಾತ್ರಿಯ ಊಟವನ್ನು ಬಿಟ್ಟರು. ಬೆಳಗ್ಗೆ ಎಂದಿನಂತೆ ಮಧುಮೇಹದ ಗುಳಿಗೆಯನ್ನು ನುಂಗಿ ಕೋಟೆಯನ್ನು ಹತ್ತತೊಡಗಿದರು. ಅರ್ಧ ದಾರಿಯಲ್ಲಿ ಕೈ ನಡುಗಿತು, ಮೈಯೆಲ್ಲ ತಣ್ಣಗೆ ಬೆವೆತಿತು, ಮಾತು ತೊದಲಿತು. ಕಲ್ಲಿನ ಮೆಟ್ಟಿಲ ಮೇಲೆ ಕುಸಿದರು. ಜತೆಗಿದ್ದವರ ಕಿಸೆಯಲ್ಲಿ ಪೆಪ್ಪರಮೆಂಟುಗಳಿದ್ದುವು, ಅವರು ಉಳಿದರು. ಇನ್ಸುಲಿನ್ ತೆಗೆದುಕೊಳ್ಳುವವರೂ ಗ್ಲಿಮಿಪಿರೈಡಿನಂತಹ ಗುಳಿಗೆ ನುಂಗುವವರೂ ಬರಿಹೊಟ್ಟೆಯಲ್ಲಿ ದುಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಇಂತಹವರು ವೈದ್ಯರನ್ನು ಕೇಳದೆ ಉಪವಾಸವನ್ನೂ ಹೊಸ ವ್ಯಾಯಾಮವನ್ನೂ ಕೂಡಿಸತಕ್ಕದ್ದಲ್ಲ. ಕಿಸೆಯಲ್ಲಿ ಸಕ್ಕರೆಯಿರಲಿ. ಲಕ್ಷಣ ಕಂಡೊಡನೆ ಕುಳಿತು ಮೂರು ಚಮಚದಷ್ಟನ್ನು ತಿಂದು, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಅಷ್ಟನ್ನೇ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎದೆನೋವು ಬಂದರೆ ನಡಿಗೆಯನ್ನು ಅಲ್ಲಿಯೇ ನಿಲ್ಲಿಸಿ ತಡಮಾಡದೆ ಆಸ್ಪತ್ರೆ ಸೇರಬೇಕು.

ಹಾಗಾದರೆ ಶಿಷ್ಯನಿಗೆ ನಾನು ಕೊಟ್ಟ ಉತ್ತರವೇನು? ಆರೋಗ್ಯವಂತನು ಬೆಳಗ್ಗೆ ನೀರು ಕುಡಿದು ಬರಿಹೊಟ್ಟೆಯಲ್ಲಿ ಅರ್ಧಶಕ್ತಿಯಿಂದ ನಡೆಯಬಹುದು. ತಲೆ ಸುತ್ತುವವನು ಮೊದಲು ಒಂದು ಬಾಳೆಹಣ್ಣನ್ನೋ ಒಂದು ಲೋಟ ಅಂಬಲಿಯನ್ನೋ ಸೇವಿಸಲಿ. ನಡೆದು ಬಂದು ಎಂದಿನ ಉಪಾಹಾರವನ್ನು ಮಿತವಾಗಿ ಮನೆಯಲ್ಲಿಯೇ ಮಾಡಲಿ. ಬೆಳಗ್ಗೆ ಬಿಡುವಿಲ್ಲದ ಶಿಕ್ಷಕನು ಸಂಜೆ ಶಾಲೆ ಬಿಟ್ಟ ಮೇಲೆ, ಬೋಂಡಾದ ಬದಲು ಒಂದು ಹಿಡಿ ಹುರಿಗಡಲೆ ತಿಂದು ನಡೆಯಲಿ. ರಾತ್ರಿ ಎಂಟರೊಳಗೆ ಹಗುರವಾಗಿ ಉಂಡು, ಹತ್ತು ನಿಮಿಷ ಅಂಗಳದಲ್ಲಿ ಅಡ್ಡಾಡಿ, ಮಲಗಲು ಎರಡು ಗಂಟೆ ಬಿಡಲಿ. ಯಾವ ಹೊತ್ತನ್ನು ವರ್ಷವಿಡೀ ತಪ್ಪದೆ ನಡೆಸಿಕೊಂಡು ಬರಬಲ್ಲನೋ ಅದೇ ಅವನ ಪಾಲಿಗೆ ಶುಭಮುಹೂರ್ತ.

ಕಡೆಯದಾಗಿ ಒಂದು ಸಂಕೋಚದ ಮಾತು. ಶ್ರೀಮಠದ ಪಂಕ್ತಿಯಲ್ಲಿ ಕುಳಿತವರು ಪ್ರಸಾದವನ್ನು ಚೆಲ್ಲಬಾರದು. ಇದು ನಮ್ಮ ನಡೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಚೆಲ್ಲಬಾರದೆಂದು ಬೇಡದುದನ್ನೂ ಉಣ್ಣುವುದು ಅದರ ಅರ್ಥವಲ್ಲ. ನೀಡುವಾಗಲೇ "ಸಾಕು" ಎಂದು ಕೈಯೊಡ್ಡಿ ತಡೆಯುವುದು ಅದರ ಅರ್ಥ. ನೀಡುವವರೂ ಒತ್ತಾಯವನ್ನು ಪ್ರೀತಿಯೆಂದು ತಿಳಿಯಬಾರದು. ಕಾಯಕ ದಾಸೋಹಗಳೆರಡನ್ನೂ ಜೋಡಿಯಾಗಿ ಬೋಧಿಸಿದ ಪರಂಪರೆ ನಮ್ಮದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಮನಸ್ಸಿನಂತೆ ಮೈಯೂ ಭಾರವಾಗುತ್ತದೆ. ಈ ಶಾಲೆಯಲ್ಲಿ ಓದಿದವರೂ ಓದಿಸಿದವರೂ ಇದಕ್ಕೆ ನೆರವಾದ ದಾನಿಗಳೂ ಮುಂದಿನ ಸಂಚಿಕೆಯನ್ನು ಓದುವ ವೇಳೆಗೆ ಹಗುರವಾದ ಮೈಯಿಂದ, ನೆಮ್ಮದಿಯ ಮನಸ್ಸಿನಿಂದ ಮತ್ತೆ ಈ ಅಂಗಳದಲ್ಲಿ ಕೂಡುವಂತಾಗಲಿ. ಶರಣು ಶರಣಾರ್ಥಿ.